ಅಮ್ಮಾವ್ರ ಕೊರಳಿನ ಮೈಕು

ತಿಮ್ಮಮ್ಮನಿಗೆ ಕಿವಿ ಕೊಟ್ಟರು. ಸರಸ್ವತಿಪುರಂನ ಒಂದು ಸಭಾಂಗಣದಲ್ಲಿ, ವೇದಿಕೆಯ ಮೇಲೆ ನಿಲ್ಲಿಸಿ, ಎಲ್ಲರೆದುರು ಚಪ್ಪಾಳೆ ತಟ್ಟಿ ಕೊಟ್ಟರು. ಕೊಟ್ಟ ಕಿವಿಯಲ್ಲಿ ಅರ್ಧವನ್ನು ಮನೆಗೆ ಹೋಗುವ ದಾರಿಯಲ್ಲೇ ಕಿತ್ತುಕೊಂಡರು. ಈ ಕಥೆ ಆ ಅರ್ಧದ್ದು.

ತಿಮ್ಮಮ್ಮ ಯಾದವಗಿರಿಯ ವೆಂಕಟಸುಬ್ಬಯ್ಯನವರ ಬಂಗಲೆಯಲ್ಲಿ ಮನೆಕೆಲಸದವಳು. ಕಸ, ಮುಸುರೆ, ಬಟ್ಟೆ, ಅಂಗಳ, ಪಾಯಿಖಾನೆ, ನಾಯಿ, ಎಲ್ಲ ಅವಳದೇ. ಅಡುಗೆಮನೆ ಮತ್ತು ದೇವರಮನೆ ಮಾತ್ರ ಅವಳದಲ್ಲ. ಅವಳ ಮನೆ ವಿದ್ಯಾರಣ್ಯಪುರಂನ ಹಿಂದಿನ ಗಲ್ಲಿಯಲ್ಲಿ. ಹುಟ್ಟಿದ್ದು ಚಾಮರಾಜನಗರದ ಕಡೆ ಒಂದು ಕೇರಿಯಲ್ಲಿ. ಮದುವೆಯಾದ ಮೇಲೆ ಗಂಡನ ಜೊತೆ ಕಲ್ಲಿನ ಕ್ವಾರಿಗೆ ಬಂದಳು. ಜಲ್ಲಿ ಪುಡಿ ಮಾಡುವ ಕ್ರಷರಿನ ಬಾಯಲ್ಲಿ ನಿಂತು ಹಗಲೆಲ್ಲ ಬಾಂಡಲಿ ಹೊತ್ತಳು. ಯಂತ್ರ ಕಲ್ಲು ಅಗಿಯುತ್ತ ಅಗಿಯುತ್ತ ಅವಳ ಕಿವಿಯನ್ನೂ ಅಗಿಯಿತು. ಮೊದಲು ಹಕ್ಕಿಯ ಸದ್ದು ಹೋಯಿತು. ಆಮೇಲೆ ಮಗಳ ಮಾತು. ಆಮೇಲೆ ಪಕ್ಕದಲ್ಲಿ ನಿಂತವರ ಮಾತು. ಕ್ರಷರಿನ ಯಜಮಾನ ಕಿವಿಗೆ ಇಟ್ಟುಕೊಳ್ಳಲು ಒಂದು ಚಿಟಿಕೆ ಹತ್ತಿಯನ್ನೂ ಕೊಡಲಿಲ್ಲ.

ಅದೇ ಕ್ವಾರಿಯಲ್ಲಿ ಗಂಡ ಚಿಕ್ಕಮಾದಯ್ಯನಿಗೆ ಕೂಗುವ ಕೆಲಸ. ಬಂಡೆಗೆ ಮದ್ದು ತುಂಬಿ ಬೆಂಕಿ ಕೊಡುವ ಮುಂಚೆ ಎತ್ತರದಲ್ಲಿ ನಿಂತು, "ಮದ್ದು ಹೊಡೀತೀವಿ, ಸರ್ಕೊಳ್ರಪ್ಪೋ" ಎಂದು ಕೂಗಬೇಕು. ಆ ಕೂಗಿಗೆ ಕ್ವಾರಿಯೇ ನಿಂತುಬಿಡುತ್ತಿತ್ತು. ಕಿವಿ ಮುಕ್ಕಾಲು ಹೋದ ಮೇಲೂ ತಿಮ್ಮಮ್ಮನಿಗೆ ಆ ಕೂಗು ಕೇಳಿಸುತ್ತಿತ್ತು. ಎಷ್ಟೋ ಸಲ ಅವಳ ಜೀವ ಉಳಿಸಿದ್ದು ಅದೇ. ಆಮೇಲೆ ಅವಳು ಕ್ವಾರಿ ಬಿಟ್ಟು ಯಾದವಗಿರಿಯ ಮನೆಗೆಲಸಕ್ಕೆ ಸೇರಿದಳು, ಅವನು ಅಲ್ಲೇ ಉಳಿದ. ಕಲ್ಲಿನ ದೂಳು ಕುಡಿದು ಕುಡಿದು ಕೊನೆಗೆ ಅವನ ಗಂಟಲಿನಲ್ಲಿ ಗಂಟು ಬಂತು. ವೆಂಕಟಸುಬ್ಬಯ್ಯನವರ ಮಗಳು ವಿಭಾ ತನಗೆ ಗೊತ್ತಿದ್ದ ಡಾಕ್ಟರಿಗೆ ಹೇಳಿ ಬೇಗ ಆಪರೇಷನ್ ಮಾಡಿಸಿದಳು. ಜೀವ ಉಳಿಯಿತು. ದನಿ ಉಳಿಯಲಿಲ್ಲ.

ಈಗ ಅವನು ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತದೆ. ಮಗಳು ನಯನಾಳ ಕಿವಿ ನೆಟ್ಟಗಿದೆ, ಅವಳೇ ಅವನ ತುಟಿಯ ಹತ್ತಿರ ಬಾಗಬೇಕು. ತಿಮ್ಮಮ್ಮನಿಗೆ ಸರ್ಕಾರದವರು ಕೊಟ್ಟ ಕಿವಿಯ ಯಂತ್ರವಿತ್ತು. ಅದು ಗಟ್ಟಿ ಮಾತನ್ನು ಹಿಡಿಯುತ್ತಿತ್ತು, ಉಸಿರನ್ನು ಹಿಡಿಯುತ್ತಿರಲಿಲ್ಲ. ಆಪರೇಷನ್ ಆದಾಗಿನಿಂದ ಗಂಡ ಆಡಿದ ಒಂದು ಮಾತೂ ಅವಳನ್ನು ಮುಟ್ಟಿರಲಿಲ್ಲ. ಓದು ಇಬ್ಬರಿಗೂ ಬರದು. ಒಂದೇ ಕೋಣೆ, ಒಂದೇ ಚಾಪೆ, ನಡುವೆ ಬರೀ ಕೈಸನ್ನೆ.

ವಿಭಾ ಕಿವಿ ಪರೀಕ್ಷೆಯ ಓದು ಓದಿದವಳು. ಸರಸ್ವತಿಪುರಂನಲ್ಲಿ ಗಂಡನ ಮನೆ, ಅಲ್ಲೇ ಕ್ಲಿನಿಕ್ಕು. ಯಾವುದೋ ಸೇವಾಸಂಘದವರು ಕಿವಿ ಮಂದವಾದ ಬಡವರಿಗೆ ಹೊಸ ಸಾಧನ ಹಂಚುತ್ತಾರೆಂದು ತಿಳಿದು ತಿಮ್ಮಮ್ಮನ ಹೆಸರು ಸೇರಿಸಿದವಳು ಅವಳೇ. ಪೆಟ್ಟಿಗೆಯಲ್ಲಿ ಎರಡು ಸಾಮಾನು. ಒಂದು ಸಣ್ಣ ಮೈಕು, ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಇನ್ನೊಂದು ಕಡಲೆಬೀಜದಷ್ಟೇ ಇರುವ ರಿಸೀವರು, ಕಿವಿಯ ಯಂತ್ರಕ್ಕೆ ಸಿಕ್ಕಿಸುವಂಥದ್ದು. ಮಾತಾಡುವವರಿಗೆ ಮೈಕು, ಕೇಳುವವರಿಗೆ ರಿಸೀವರು. ನಡುವೆ ವೈರಿಲ್ಲ. ಗದ್ದಲವಿರಲಿ, ಗೋಡೆಯಿರಲಿ, ಮಾತು ಬಂದು ನೇರ ಕಿವಿಯೊಳಗೆ ಬೀಳುತ್ತದೆ.

ಸಂಘದ ಅಧ್ಯಕ್ಷರು ಪೆಟ್ಟಿಗೆಯನ್ನು ತಿಮ್ಮಮ್ಮನ ಕೈಗಿಟ್ಟು, "ಇವತ್ತಿಂದ ಇದು ನಿಮ್ಮದು ಕಣಮ್ಮ" ಎಂದು ಬಾಗಿ ಗಟ್ಟಿಯಾಗಿ ಹೇಳಿದರು. ಫೋಟೊ ತೆಗೆದರು. ವಿಭಾ ರಿಸೀವರನ್ನು ಅವಳ ಕಿವಿಗೆ ಸಿಕ್ಕಿಸಿದಳು. ಮೈಕನ್ನು ತಾನು ಹಾಕಿಕೊಂಡು ಸಭಾಂಗಣದ ಕೊನೆಯ ಬಾಗಿಲವರೆಗೆ ಹೋಗಿ, ಬೆನ್ನು ತಿರುಗಿಸಿ ನಿಂತು, ಪಿಸುಗುಟ್ಟಿದಳು.

"ತಿಮ್ಮಮ್ಮ, ಊಟ ಆಯ್ತಾ?"

ತಿಮ್ಮಮ್ಮ ವೇದಿಕೆಯ ಮೇಲೇ ಕುಸಿದು ಕುಳಿತು ಅತ್ತಳು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತಮ್ಮ ಉಪಕಾರ ನೆನೆದು ಅಳುತ್ತಾಳೆ ಅಂದುಕೊಂಡರೋ ಏನೋ. ಅವಳಿಗೆ ಹೊಳೆದದ್ದು ಬೇರೆ. ಪಿಸುಮಾತು ಕೇಳಿಸಿತು ಅಂದಮೇಲೆ ಅವನ ಉಸಿರೂ ಕೇಳಿಸುತ್ತದೆ. ಈ ದಾರವನ್ನು ಅವನ ಕೊರಳಿಗೆ ಹಾಕಿದರೆ ಸಾಕು.

ಕಾರಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಮುಂದಿನ ಸೀಟಿನಿಂದ ರಮಾಮಣಿ, ಅಂದರೆ ವೆಂಕಟಸುಬ್ಬಯ್ಯನವರ ಹೆಂಡತಿ, ವಿಭಾಳ ತಾಯಿ, ಕೈ ಚಾಚಿದರು. ಪೆಟ್ಟಿಗೆ ತೆಗೆದು ಮೈಕು ಎತ್ತಿ ತಮ್ಮ ಕೊರಳಿಗೆ ಹಾಕಿಕೊಂಡರು. ಅದು ತಾಳಿಯ ಪಕ್ಕ ನೇತಾಡಿತು.

"ಇದು ನಮ್ಮನೇಲೇ ಇರ್ಲಿ ತಿಮ್ಮಿ. ದಿನವೆಲ್ಲ ನಮ್ಮನೇಲೇ ತಾನೆ ಇರ್ತೀಯ? ನಿಮ್ಮನೇಲಿ ಇಲಿ ಗಿಲಿ ಕಡಿದ್ರೆ ಕಷ್ಟ."

ಆ ಮಾತು ಎಲ್ಲಿಂದಲೋ ಬಂದಂತಿರಲಿಲ್ಲ, ತಲೆಯೊಳಗೇ ಹುಟ್ಟಿದಂತಿತ್ತು. ವಿಭಾ ಗಾಡಿ ಓಡಿಸುತ್ತಿದ್ದಳು. ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳು, ಮತ್ತೆ ರಸ್ತೆಗೆ ಕಣ್ಣು ತಿರುಗಿಸಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ವರವನ್ನು ತಾನೇ ಹಾಕಿಕೊಂಡು ಕುಳಿತಿದ್ದ. ತಿಮ್ಮಮ್ಮ ಆಗಲಿ ಎಂದು ತಲೆಯಾಡಿಸಿದಳು. ಗಂಡನ ಗಂಟಲನ್ನು ಇನ್ನೂ ತಿಂಗಳಿಗೊಮ್ಮೆ ಆ ಡಾಕ್ಟರಿಗೆ ತೋರಿಸಬೇಕಿತ್ತು.

ಮಾರನೆಯ ದಿನದಿಂದ ಶುರುವಾಯಿತು.

ಮುಂಚೆ ರಮಾಮಣಿ ಕೂಗಬೇಕಿತ್ತು. ಮಹಡಿಯಿಂದ ಕೂಗಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು, ತಿಮ್ಮಮ್ಮನಿಗೆ ಕೇಳಿಸುತ್ತಿರಲಿಲ್ಲ. ಯಾದವಗಿರಿ ಸದ್ದಿಲ್ಲದ ಜಾಗ. ಅಲ್ಲಿ ಮನೆಯೊಡತಿ ಕೂಗಾಡುವುದು ಮರ್ಯಾದೆಯಲ್ಲ. ವೆಂಕಟಸುಬ್ಬಯ್ಯನವರಿಗೆ ರಕ್ತದೊತ್ತಡ ಬೇರೆ. ಈಗ ಆ ಕಷ್ಟ ತಪ್ಪಿತು. ರಮಾಮಣಿ ಸೋಫಾದ ಮೇಲೆ ಕುಳಿತು ಗಾಳಿಗೆ ಹೇಳಿದಂತೆ ಹೇಳಿದರೂ ಹಿತ್ತಿಲ ಮೂಲೆಯಲ್ಲಿ ಬಟ್ಟೆ ಒಗೆಯುವವಳ ಕೈ ನಿಲ್ಲುತ್ತಿತ್ತು.

"ತಿಮ್ಮಿ, ಮೆಟ್ಟಿಲ ಸಂದಿ ಒರೆಸಿದ್ಯಾ?"

"ತಿಮ್ಮಿ, ನಲ್ಲಿ ನಿಲ್ಲಿಸು."

"ತಿಮ್ಮಿ, ಕೂತ್ಯೇನೆ?"

ಕೂತಿರುತ್ತಿದ್ದಳು. ನೆಲ ಒರೆಸಿ ಒರೆಸಿ ಮಂಡಿ ಚಿಪ್ಪು ನೋಯುತ್ತಿತ್ತು. ಸೋಪಿನ ಪುಡಿ ಬೆರಳ ಸಂದಿಯನ್ನು ತಿಂದು ಹುಣ್ಣು ಮಾಡಿತ್ತು. ಮುಂಚೆಯಾದರೆ ಒಗೆಯುವ ಕಲ್ಲಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಕಿವುಡಿಗೆ ಅಷ್ಟಾದರೂ ನೆಮ್ಮದಿಯಿತ್ತು. "ಕೇಳುಸ್ನಿಲ್ಲ ಅಮ್ಮಾರೆ" ಎಂದರೆ ಮುಗಿಯುತ್ತಿತ್ತು. ಬೈದರೂ ಆ ಬೈಗುಳವೂ ಕೇಳಿಸುತ್ತಿರಲಿಲ್ಲ. ಈಗ ಆ ಮಾತು ಅವಳ ಬಾಯಿಂದ ಹೋಯಿತು. "ಮೈಕಿದೆಯಲ್ಲೇ, ಇನ್ನೂ ಕೇಳಿಸಲ್ಲ ಅಂತ ಸುಳ್ಳು ಹೇಳ್ತೀಯಾ?" ಎನ್ನುತ್ತಿದ್ದರು. ರಿಸೀವರು ಕಿತ್ತು ಸೆರಗಿಗೆ ಕಟ್ಟಿಕೊಂಡ ದಿನ, ಎದುರು ಬಂದು ನಿಂತು ಅವಳ ಕಿವಿ ನೋಡಿ, "ನಿನಗೋಸ್ಕರ ಕೊಡಿಸಿದ್ದು, ಉಪಕಾರ ಸ್ಮರಣೆ ಬೇಡ್ವಾ?" ಎಂದು ಕೇಳಿದರು.

ಅವಳು ಹಿತ್ತಿಲ ಪಾಯಿಖಾನೆಗೆ ಹೋಗಿ ಕುಳಿತರೂ ಆ ದನಿ ಬರುತ್ತಿತ್ತು. ಬಾಗಿಲು ಹಾಕಿಕೊಂಡ ಹೆಂಗಸಿಗೆ "ಎಲ್ಲಿ ಸತ್ತೆ?" ಎಂದು ಕೇಳುತ್ತಿತ್ತು. ರಮಾಮಣಿ ಮೈಕನ್ನು ಆರಿಸುತ್ತಲೇ ಇರಲಿಲ್ಲ. ಅವರು ಚಕ್ಕುಲಿ ಕಡಿದದ್ದು, ತೇಗಿದ್ದು, ಗಂಡನ ಮೇಲೆ ರೇಗಿದ್ದು ಎಲ್ಲ ತಿಮ್ಮಮ್ಮನ ಕಿವಿಗೆ. ಫೋನಿನಲ್ಲಿ ತಂಗಿಗೆ, "ನಮ್ಮ ತಿಮ್ಮಿಗೆ ಕಿವಿ ಕೊಡಿಸಿದ್ವಿ ಕಣೆ, ಈಗ ಗಂಟಲು ಹರಕೊಳ್ಳೋ ಕಷ್ಟ ಇಲ್ಲ" ಎಂದದ್ದೂ ಅವಳ ಕಿವಿಗೇ. ಕೆಲಸದವಳಿಗೆ ಕೇಳಿಸಿದರೆ ಕೇಳಿಸಲಿ, ಒನಕೆಯ ಮುಂದೆ ಯಾರಿಗೆ ನಾಚಿಕೆ? ಅಷ್ಟು ವರ್ಷದಲ್ಲಿ ಅಡುಗೆಮನೆಯ ಹೊಸಿಲು ದಾಟದ ತಿಮ್ಮಮ್ಮನ ತಲೆಯೊಳಗೆ ರಮಾಮಣಿ ಹೇಳದೆ ಕೇಳದೆ ಬಂದು ಬಿಡಾರ ಹೂಡಿದ್ದರು. ಸಂಜೆ ಕೆಲಸ ಮುಗಿಸಿ ಗೇಟು ದಾಟಿದ ಮೇಲೂ ಬೀದಿ ತಿರುಗುವ ಹೊಂಗೆ ಮರದವರೆಗೆ ಆ ದನಿ ಹಿಂದೆ ಬರುತ್ತಿತ್ತು. ಮರ ದಾಟಿದ ಮೇಲೆ ಕಡಿದು ಹೋಗುತ್ತಿತ್ತು. ತಿಮ್ಮಮ್ಮ ದಿನವೂ ಅಲ್ಲಿ ಒಂದು ಗಳಿಗೆ ನಿಂತು ಉಸಿರು ಬಿಟ್ಟು ಬಸ್ಸಿಗೆ ನಡೆಯುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ಮೈಕನ್ನು ಸ್ನಾನಕ್ಕೆ, ಪೂಜೆಗೆ ತೆಗೆದು ಆರಿಸಿಟ್ಟರೆ ಕೆಲವು ದಿನ ಅದಕ್ಕೂ ರಿಸೀವರಿಗೂ ನಂಟು ತಪ್ಪುತ್ತಿತ್ತು. ಆಗ ಮೈಕನ್ನು ಕಿವಿಯಿಂದ ಒಂದು ಗೇಣು ದೂರಕ್ಕೆ ತಂದು ಗುಂಡಿ ಒತ್ತಬೇಕು, ಮತ್ತೆ ಕೂಡಿಕೊಳ್ಳುತ್ತದೆ. ವಿಭಾ ಹೀಗೆಂದು ಇಬ್ಬರಿಗೂ ತೋರಿಸಿಕೊಟ್ಟಿದ್ದಳು. ಒಂದು ಗೇಣು! ರಮಾಮಣಿ ತಿಮ್ಮಮ್ಮನಿಂದ ಎಂದೂ ಒಂದು ಮಾರಿಗಿಂತ ಹತ್ತಿರ ನಿಂತವರಲ್ಲ. ಹಳೆ ಸೀರೆ ಕೊಟ್ಟರೂ ನೆಲಕ್ಕಿಟ್ಟು, "ತಗೋ" ಅನ್ನುತ್ತಿದ್ದರು.

ಅದಕ್ಕೊಂದು ಕ್ರಮ ಹುಡುಕಿದರು. ಮೈಕನ್ನು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲಿಟ್ಟು ತಾವು ಒಳಗೆ ಸರಿದು ನಿಲ್ಲುವುದು. ತಿಮ್ಮಮ್ಮ ಕೈ ಒರೆಸಿಕೊಂಡು ಬಂದು, ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು, ಗುಂಡಿ ಒತ್ತಿ, ಮತ್ತೆ ಮೆಟ್ಟಿಲ ಮೇಲಿಟ್ಟು ದೂರ ಹೋಗುವುದು. ಆಮೇಲೆ ರಮಾಮಣಿ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು, ಮೈಕಿನ ಮೇಲೆ ಎರಡು ಹನಿ ಪ್ರೋಕ್ಷಣೆ ಮಾಡಿ, ಕೊರಳಿಗೆ ಹಾಕಿಕೊಳ್ಳುವುದು. ನೀರು ತಾಕಿಸಬಾರದು ಎಂದು ವಿಭಾ ಎಷ್ಟು ಹೇಳಿದ್ದಳೋ. ಆದರೆ ಅವರ ಲೆಕ್ಕದಲ್ಲಿ ಅದು ನೀರಲ್ಲ, ತೀರ್ಥ. ತಿಮ್ಮಮ್ಮ ಒಗೆಯುವ ಕಲ್ಲಿನ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಮುಟ್ಟಿದ್ದು ತೊಳೆದುಹೋಗುವುದನ್ನು ನೋಡುವುದು ಅವಳಿಗೆ ಹೊಸದಲ್ಲ. ಆದರೆ ಇದು ಅವಳದೇ ಸಾಮಾನಾಗಿತ್ತು.

ರಾತ್ರಿಯ ಊಟದ ಹೊತ್ತಿಗೆ ಚಿಕ್ಕಮಾದಯ್ಯ ಏನೋ ಹೇಳುತ್ತಿದ್ದ. ತುಟಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ತಿಮ್ಮಮ್ಮ ಬಾಗುತ್ತಿದ್ದಳು. ಸೀಟಿಯಂಥ ಸದ್ದು ಬಿಟ್ಟರೆ ಏನೂ ಇಲ್ಲ. ಅವನು ಮತ್ತೆ ಹೇಳುತ್ತಿದ್ದ, ಮತ್ತೆ ಹೇಳುತ್ತಿದ್ದ, ಆಮೇಲೆ ಕೈ ಬೀಸಿ ಗೋಡೆಗೆ ತಿರುಗುತ್ತಿದ್ದ.

"ಏನಂತೆ?" ಎಂದು ಅವಳು ಮಗಳನ್ನು ಕೇಳಿದಳು.

"ಏನೂ ಇಲ್ಲಂತೆ ಬುಡವ್ವ" ಎಂದು ನಯನಾ ಗಟ್ಟಿಯಾಗಿ ಹೇಳಿದಳು.

ಏನೂ ಇಲ್ಲದ್ದಕ್ಕೆ ಅಷ್ಟು ಹೊತ್ತು ಹೇಳುತ್ತಾರೆಯೇ? ಮಗಳಿಗೆ ಹೇಳಿ, ಮಗಳಿಂದ ಕೇಳಿಸಿಕೊಳ್ಳುವಂಥದ್ದಲ್ಲ ಅದು. ಗಂಡಹೆಂಡಿರ ನಡುವೆ ನೂರು ಇರುತ್ತವೆ. ಅವನ ಮಾತು ಕೇಳುವ ಯಂತ್ರದ ಅರ್ಧ ತನ್ನ ಕಿವಿಯಲ್ಲೇ ಇದೆ, ಇನ್ನರ್ಧ ಯಾದವಗಿರಿಯಲ್ಲಿ ಇನ್ನೊಬ್ಬರ ಕೊರಳಲ್ಲಿದೆ. ಒಂದು ಭಾನುವಾರಕ್ಕೆ ಕೇಳುತ್ತೇನೆ, ಒಂದೇ ಭಾನುವಾರ ಎಂದು ನಿಶ್ಚಯ ಮಾಡಿದಳು.

ಕೇಳಿದಳು. ಹಿತ್ತಿಲ ಬಾಗಿಲ ಹೊರಗೆ ನಿಂತು, ಕೈ ಹಿಸುಕಿಕೊಂಡು ಕೇಳಿದಳು.

"ಅಮ್ಮಾರೆ, ಬಾನುವಾರ ಒಂದಿನ ಮೈಕ ಕೊಡಿ. ನಮ್ಮೆಜಮಾನ್ರ ಮಾತ ಒಂಚೂರು ಕೇಳಿ, ಸೋಮವಾರ ಬೆಳಿಗ್ಗೆಗೇ ತಂದು ಮಡಗ್ತೀನಿ."

ರಮಾಮಣಿ ಅರ್ಥವಾಗದವರಂತೆ ನೋಡಿದರು. ಅರ್ಥವಾದ ಮೇಲೆ ಅವರ ಕೈ ಕೊರಳಿಗೆ ಹೋಯಿತು.

"ನಿನ್ನ ಗಂಡ ಹಾಕ್ಕೊಳ್ಳೋದಾ ಇದನ್ನ?"

"ಊಂ ಅಮ್ಮಾರೆ."

"ಆಮೇಲೆ ನಾನು ಕತ್ತಿಗೆ ಹಾಕ್ಕೋಬೇಕಾ?"

"ಒರ್ಸಿ ತಂದು ಮಡಗ್ತೀನಿ" ಎಂದಳು ತಿಮ್ಮಮ್ಮ.

"ಏನು ಮಾತು ಅಂತ ಆಡ್ತೀಯೆ? ಗಂಟಲಲ್ಲಿ ಕಾಯಿಲೆ ಇರೋನು, ಕೆಮ್ಮೋನು, ಉಗುಳೋನು. ಹೋಗು, ನಾಯಿಗೆ ಅನ್ನ ಹಾಕು."

ಕಡ್ಡಿ ತುಂಡು ಮಾಡಿದಂತೆ ಹೇಳಿ ಒಳಗೆ ಹೋದರು. ಕಾಯಿಲೆಯ ಮಾತು ಆಮೇಲೆ ಬಂದದ್ದು. ಮೊದಲು ಬಂದದ್ದು ಕತ್ತಿನ ಮಾತು. ತಿಮ್ಮಮ್ಮನಿಗೆ ಅದು ಚೆನ್ನಾಗಿ ಗೊತ್ತಾಯಿತು. ಒಳಗೆ ಹೋದ ಮೇಲೂ ರಮಾಮಣಿ ಗಂಡನಿಗೆ ಹೇಳಿದ್ದು ಕೇಳಿಸುತ್ತಲೇ ಇತ್ತು. "ಕೇಳಿದ್ರಾ, ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ." ತಲೆಯ ಮೇಲೆ ಕುಳಿತವರು ಯಾರು ಎಂದು ತಿಮ್ಮಮ್ಮನ ಕಿವಿಯನ್ನು ಕೇಳಬೇಕು.

ಎರಡು ದಿನ ಬಿಟ್ಟು ವಿಭಾ ಬಂದು ಹೋಗುವಾಗ ತಿಮ್ಮಮ್ಮ ಅವಳನ್ನು ಗೇಟಿನ ಹತ್ತಿರ ತಡೆದು ಹೇಳಿದಳು. ವಿಭಾಳ ಮುಖ ಸಣ್ಣದಾಯಿತು. ಒಳ್ಳೆಯ ಹುಡುಗಿ. ಒಳ್ಳೆಯವರ ಮುಖ ಬೇಗ ಸಣ್ಣದಾಗುತ್ತದೆ.

"ನೀವು ಹೇಳೋದು ಸರಿ ತಿಮ್ಮಮ್ಮ. ಆದ್ರೆ ಅಮ್ಮನ ಸ್ವಭಾವ ನಿಮಗೆ ಗೊತ್ತಲ್ಲ. ಈ ವಯಸ್ಸಲ್ಲಿ ಬದಲಾಗಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಾನು ಮುಂದೆ ಇನ್ನೊಂದು ಎಲ್ಲಾದ್ರೂ ಕೊಡಿಸ್ತೀನಿ."

"ಇದೇ ನಂದಲ್ವಾ ಅವ್ವ?"

ವಿಭಾ ಅವಳ ಭುಜ ಮುಟ್ಟಿದಳು. ಕಾರು ಹತ್ತಿದಳು. ಮುಟ್ಟುವವರೂ ಮುಟ್ಟದವರೂ ಕೊನೆಗೆ ಒಂದೇ ಕಡೆ ನಿಂತರು.

ಕೇಳಿದ್ದೇ ತಪ್ಪಾಯಿತು. ಆ ಗಂಡಸಿನ ಕೊರಳ ಯೋಚನೆ ಬಂದಮೇಲೆ ರಮಾಮಣಿಗೆ ಎರಡು ಹನಿ ಸಾಲದಾಯಿತು. ಗುರುವಾರ ಬೆಳಿಗ್ಗೆ ತಿಮ್ಮಮ್ಮ ಗುಂಡಿ ಒತ್ತಿ ಮೆಟ್ಟಿಲ ಮೇಲಿಟ್ಟಾಗ ಅವರು ಪಂಚಪಾತ್ರೆಯನ್ನೇ ಬಗ್ಗಿಸಿದರು.

ತಿಮ್ಮಮ್ಮ ಬಕೆಟ್ ಎತ್ತುತ್ತಿದ್ದಳು. ಕಿವಿಯೊಳಗೆ ಸಿಡಿಲು ಹೊಡೆಯಿತು. ಕಾದ ಎಣ್ಣೆಗೆ ಹಿಡಿ ಸಾಸಿವೆ ಸುರಿದಂಥ ಚಟಪಟ, ಆಮೇಲೆ ಮೆದುಳು ಕೊರೆಯುವ ಕೀರಲು ಸದ್ದು. ಬಕೆಟ್ ಬಿಟ್ಟು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಅಂಗಳದಲ್ಲಿ ಕುಕ್ಕರಿಸಿದಳು. ಯಂತ್ರ ಕಿತ್ತು ಎಸೆದ ಮೇಲೂ ಕಿವಿ ಉರಿಯುತ್ತಿತ್ತು. ಕಣ್ಣು ಬಿಟ್ಟರೆ ರಮಾಮಣಿಯ ಬಾಯಿ ಆಡುತ್ತಿತ್ತು. ಯಂತ್ರ ಮತ್ತೆ ಸಿಕ್ಕಿಸಿಕೊಂಡಳು. ಅಷ್ಟು ಹೊತ್ತಿಗೆ ಮೈಕು ಸತ್ತಿತ್ತು. ರಮಾಮಣಿ ಬಹಳ ದಿನಗಳ ಮೇಲೆ ಗಟ್ಟಿಯಾಗಿ ಕಿರುಚಬೇಕಾಯಿತು.

"ಒದ್ದೆ ಕೈಯಲ್ಲಿ ಮುಟ್ಟಿ ಹಾಳು ಮಾಡಿದ್ಯಲ್ಲೇ!"

"ನಾನು ಕೈ ಒರಸ್ಕಂಡೇ ಮುಟ್ಟಿದ್ದು. ನೀರು ಉಯ್ದೋರು ನೀವು."

"ಎದುರು ಮಾತಾಡಬೇಡ. ನೀನು ಮುಟ್ಟದೇ ಇದ್ದಿದ್ರೆ ನಾನ್ಯಾಕೆ ನೀರು ಹಾಕ್ತಿದ್ದೆ?"

ನ್ಯಾಯ ಅಂದರೆ ಹೀಗಿರಬೇಕು. ಅಷ್ಟು ಓದಿದ ವೆಂಕಟಸುಬ್ಬಯ್ಯನವರೂ ವೆರಾಂಡದಿಂದ ಅದಕ್ಕೆ ಒಂದು ಮಾತು ಆಡಲಿಲ್ಲ. ವಿಭಾಳಿಗೆ ಫೋನು ಹೋಯಿತು. ನೀರು ಬಿದ್ದ ಮೊಬೈಲನ್ನು ಅಕ್ಕಿಯಲ್ಲಿಡುತ್ತಾರಲ್ಲ, ಹಾಗೆ ಒಂದು ದಿನ ಅಕ್ಕಿಯಲ್ಲಿ ಹುಗಿದಿಡಿ ಎಂದಳು. ರಮಾಮಣಿಗೆ ಈಗ ಹೊಸ ಸಂಕಟ. ಅಡುಗೆಮನೆಯ ಅಕ್ಕಿ ನೈವೇದ್ಯಕ್ಕೆ ಆಗುವಂಥದ್ದು, ತಿಮ್ಮಿ ಮುಟ್ಟಿದ್ದನ್ನು ಅದರಲ್ಲಿಡುವುದು ಹೇಗೆ? ಸ್ವಲ್ಪ ಹೊತ್ತು ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದರು. ಆಮೇಲೆ ಹಿತ್ತಿಲ ಶೆಡ್ಡಿನ ಕಡೆ ಬೆರಳು ತೋರಿಸಿದರು. ಅಲ್ಲಿ ನಾಯಿಯ ಅನ್ನಕ್ಕೆಂದು ನುಚ್ಚಕ್ಕಿ ತುಂಬಿದ ಡಬ್ಬವಿತ್ತು.

"ನಾಯಿ ಡಬ್ಬದಲ್ಲಿ ಹಾಕು."

ತಿಮ್ಮಮ್ಮ ಹಾಕಿದಳು. ತನ್ನ ಕೈಯಿಂದಲೇ ನುಚ್ಚು ಸರಿಸಿ, ಗುಂಡಿ ಮಾಡಿ, ಹುಗಿದಳು. ಹುಳು ಹಿಡಿದ ನುಚ್ಚು ಉಗುರಿನ ಸಂದಿಗೆ ಸೇರಿತು. ಆ ರಾತ್ರಿ ಚಿಕ್ಕಮಾದಯ್ಯ ತುಟಿ ಆಡಿಸಿದಾಗ ಅವಳು ಅವನನ್ನು ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು.

ಬೆಳಿಗ್ಗೆ ಹೋದಾಗ ರಮಾಮಣಿ ಹಿತ್ತಿಲ ಬಾಗಿಲಲ್ಲಿ ಕಾದಿದ್ದರು. ಮಡಿಯುಟ್ಟಿದ್ದರು. ಎಡಗೈಯಲ್ಲಿ ಪಂಚಪಾತ್ರೆಯಿತ್ತು.

"ತೆಗೆದು, ಒರೆಸಿ, ಗುಂಡಿ ಒತ್ತಿ ನೋಡು. ಆದ್ರೆ ಮೆಟ್ಟಿಲ ಮೇಲಿಡು."

ತಿಮ್ಮಮ್ಮ ಡಬ್ಬಕ್ಕೆ ಕೈ ಹಾಕಿದಳು. ಮೈಕು ಎತ್ತಿ ಸೆರಗಿನಲ್ಲಿ ಒರೆಸಿದಳು. ತೂತುಗಳಲ್ಲಿ ಸಿಕ್ಕಿಕೊಂಡ ನುಚ್ಚಿನ ಹಿಟ್ಟನ್ನು ಬಾಯಿಂದ ಊದಿದಳು. ಕಿವಿಯ ಹತ್ತಿರ ತಂದು ಗುಂಡಿ ಒತ್ತಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ನಾದ, ಕೂಡಿಕೊಂಡಿತು.

"ಬದುಕ್ಕಂತು" ಎಂದಳು.

ಆ ಮಾತು ಅವಳ ಕಿವಿಯೊಳಗೇ ಬಿತ್ತು. ತನ್ನ ದನಿ. ಇಷ್ಟು ದಿನ ಮೈಕು ಕಿವಿಗೆ ಹಿಡಿದಾಗ ಅವಳು ಬಾಯಿ ಬಿಚ್ಚಿದ್ದೇ ಇರಲಿಲ್ಲ. ವಯಸ್ಸಾದ, ಸ್ವಲ್ಪ ಒಡಕು ದನಿ, ತನ್ನ ಅವ್ವನ ದನಿಯ ಹಾಗೇ ಇತ್ತು.

"ಇಡು ಅಲ್ಲಿ" ಎಂದರು ರಮಾಮಣಿ.

ತಿಮ್ಮಮ್ಮ ಮೆಟ್ಟಿಲ ಹತ್ತಿರ ಬಂದಳು. ಮೆಟ್ಟಿಲು ನೋಡಿದಳು. ಪಂಚಪಾತ್ರೆ ನೋಡಿದಳು. ಬಾಗಲಿಲ್ಲ. ದಾರವನ್ನು ಬಿಡಿಸಿ ತನ್ನ ಕೊರಳಿಗೆ ಹಾಕಿಕೊಂಡಳು.

"ಏನೇ ಅದು?"

"ಇಡಕಿಲ್ಲ."

"ಏನಂದೆ?"

"ಇಡಕಿಲ್ಲ ಅಂದೆ. ಇದು ನಂದು. ನನ್ನ ಕೈಗೆ ಕೊಟ್ರು, ಅಷ್ಟು ಜನ ನೋಡವ್ರೆ." ಒಂದೊಂದು ಮಾತೂ ತನಗೇ ಕೇಳಿಸುತ್ತಿದ್ದರಿಂದ ಅವಳಿಗೆ ಧೈರ್ಯ ಬರುತ್ತಿತ್ತು. "ನಾಯಿ ಅಕ್ಕೀಲಿ ಮಡಗೋ ಸಾಮಾನು ನಿಮ್ಮ ಕತ್ತಿಗ್ಯಾಕೆ ಅಮ್ಮಾರೆ?"

ರಮಾಮಣಿಯ ಕೈಯಲ್ಲಿದ್ದ ನೀರು ತುಳುಕಿತು. ತಿಮ್ಮಮ್ಮ ಮನೆಯ ಪಕ್ಕದ ಓಣಿ ಹಿಡಿದು ಮುಂದಿನ ಗೇಟಿಗೆ ನಡೆದಳು. ಕೆಲಸದವರು ಹಿಂದಿನ ಕಿರುಬಾಗಿಲಲ್ಲೇ ಹೋಗಬೇಕೆಂದು ಆ ಮನೆಯ ಕಟ್ಟು. ರಮಾಮಣಿ ವೆರಾಂಡಕ್ಕೆ ಓಡಿ ಬಂದರು.

"ಗೇಟು ದಾಟಿದ್ರೆ ಮತ್ತೆ ಈ ಕಡೆ ತಲೆ ಹಾಕಬೇಡ. ನಿನ್ನ ಗಂಡನ ಆಸ್ಪತ್ರೆನೂ ನೀನೇ ನೋಡ್ಕೋ."

ಮೈಕಿಲ್ಲದೆ ಕೂಗಬೇಕಾಯಿತು. ಎದುರು ಮನೆಯ ಕಿಟಕಿ ತೆರೆಯಿತು. ವೆಂಕಟಸುಬ್ಬಯ್ಯನವರು, "ಮೆತ್ತಗೆ, ಮೆತ್ತಗೆ" ಎಂದು ಹೆಂಡತಿಯನ್ನು ಒಳಗೆ ಕರೆಯುತ್ತಿದ್ದರು. ತಿಮ್ಮಮ್ಮನಿಗೆ ಪೂರ್ತಿ ಕೇಳಿಸಲಿಲ್ಲ. ಆಸ್ಪತ್ರೆ ಎಂಬುದೊಂದು ಕೇಳಿಸಿತು. ಅದು ಸಾಕಾಗಿತ್ತು. ಗೇಟಿನ ಚಿಲಕದ ಮೇಲೆ ಅವಳ ಕೈ ನಿಂತಿತು. ತಿರುಗಿ ಹೋಗಿ ಮೆಟ್ಟಿಲ ಮೇಲಿಟ್ಟರೆ ಎಲ್ಲ ಮುಂಚಿನಂತೆ ಆಗುತ್ತದೆ. ಡಾಕ್ಟರು ಸಿಗುತ್ತಾರೆ, ಕೆಲಸ ಇರುತ್ತದೆ, ಪಾಯಿಖಾನೆಯಲ್ಲಿ ಕುಳಿತಾಗ ದನಿ ಬರುತ್ತದೆ. ಯೋಚನೆ ಆ ಕೊನೆಯದಕ್ಕೆ ಬಂದಾಗ ಚಿಲಕ ತೆಗೆದಳು.

ಎರಡು ಬಸ್ಸು ಹತ್ತಿ ಇಳಿದು ವಿದ್ಯಾರಣ್ಯಪುರಂ ತಲುಪುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ವಿಭಾ ನಯನಾ ಕೆಲಸ ಮಾಡುವ ಅಂಗಡಿಗೆ ಫೋನು ಮಾಡಿದ್ದಳು. ನಯನಾ ಪಕ್ಕದ ಮನೆಯ ಮಂಜುಳಮ್ಮನಿಗೆ ಮಾಡಿದ್ದಳು. ಮಂಜುಳಮ್ಮ ಬಂದು ಚಿಕ್ಕಮಾದಯ್ಯನಿಗೆ ಹೇಳಿ ಹೋಗಿದ್ದಳು. ಅವನು ಬಾಗಿಲಲ್ಲೇ ನಿಂತಿದ್ದ. ಪಂಚೆಯ ಮೇಲೆ ಅಂಗಿ ಹಾಕಿದ್ದ, ಎಲ್ಲಿಗೋ ಹೊರಟವನಂತೆ. ಅವಳನ್ನು ಕಂಡದ್ದೇ ಕೈ ಆಡಿಸಿದ, ತುಟಿ ಆಡಿಸಿದ, ಯಾದವಗಿರಿಯ ದಿಕ್ಕಿಗೆ ಬೆರಳು ತೋರಿಸಿದ. ಕಣ್ಣಲ್ಲಿ ಹೆದರಿಕೆಯಿತ್ತು. ಮದ್ದಿನ ಪಕ್ಕ ನಿಂತು ಕೂಗುತ್ತಿದ್ದ ಗಂಡಸು ಹೀಗೆ ಹೆದರಿದ್ದನ್ನು ಅವಳು ಕಂಡಿರಲಿಲ್ಲ.

"ತಡಿ" ಎಂದಳು. ಒಳಗೆ ಎಳೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದಳು. ಕೊರಳಿನಿಂದ ಮೈಕು ತೆಗೆದು ಅವನ ತಲೆಯ ಮೇಲಿಂದ ಇಳಿಬಿಟ್ಟಳು. ಅದು ಅವನ ಗಂಟಲಿನ ಕೊಯ್ದ ಗುರುತಿನ ಕೆಳಗೆ ಬಂದು ನಿಂತಿತು. ಅವನು ಅದನ್ನು ಮುಟ್ಟಲೂ ಅಂಜಿ ಕೈ ಹಿಂದಕ್ಕೆ ಎಳೆದುಕೊಂಡ.

"ಈಗೇಳು" ಎಂದಳು ತಿಮ್ಮಮ್ಮ.

ಅವನ ಎದೆ ಏರಿಳಿಯುವ ಸದ್ದು ಮೊದಲು ಬಂತು. ಆಮೇಲೆ ಎಂಜಲು ನುಂಗಿದ ಸದ್ದು. ಆಮೇಲೆ ಮಾತು.

"ತಕ್ಕೊಂಡೋಗಿ ಕೊಟ್ಬುಡಮ್ಮಿ. ದೊಡ್ಡೋರ ಎದುರಾಕ್ಕೊಂಡು ನಾವು ಬದುಕಾಕಾದದ? ನಿನ್ ಕಾಲಿಗೆ ಬೀಳ್ತೀನಿ, ಕೊಟ್ಬುಡು."

ಒಂದಕ್ಷರ ಬಿಡದೆ ಕೇಳಿಸಿತು. ಉಸಿರಿನ ಅಡಿಯಲ್ಲಿ ಹಳೆಯ ದನಿಯ ಗೀರು ಇನ್ನೂ ಇತ್ತು. ಇಷ್ಟು ಕಾಲ ಕಾದು, ಜಗಳವಾಡಿ, ಕೆಲಸ ಬಿಟ್ಟು ಬಂದು ಕೇಳಿದ ಮೊದಲ ಮಾತು ಇದು. ತಿಮ್ಮಮ್ಮನಿಗೆ ಸಿಟ್ಟು ಬಂತು. ಅವನ ಮೇಲೂ ಬಂತು, ಅವನ ಬಾಯಲ್ಲಿ ಈ ಮಾತು ಇಟ್ಟವರ ಮೇಲೆ ಇನ್ನೂ ಹೆಚ್ಚು ಬಂತು. ಸಿಟ್ಟಿನ ಜೊತೆಗೇ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

"ಕೇಳುಸ್ತು" ಎಂದಳು. "ಕೊಡಕಿಲ್ಲ."

ಚಿಕ್ಕಮಾದಯ್ಯ ಬೆಚ್ಚಿ ಅವಳ ಮುಖ ನೋಡಿದ. ತಾನು ಆಡಿದ್ದು ಅವಳಿಗೆ ಮುಟ್ಟಿತೆಂಬುದು ಅವನಿಗೆ ಆಗಷ್ಟೇ ತಿಳಿಯಿತು. ಹೊರಗೆ ಮಂಜುಳಮ್ಮ ಮತ್ತೆ ಬಂದು ಬಾಗಿಲು ಬಡಿಯುತ್ತಿದ್ದಳು. ಯಾದವಗಿರಿಯವರು ಫೋನಿನಲ್ಲಿ ಕಾಯುತ್ತಿದ್ದಾರೆ ಎಂದು ಕೂಗುತ್ತಿದ್ದಳು. ಅವನು ಗಾಬರಿಯಿಂದ ದಾರಕ್ಕೆ ಕೈ ಹಾಕಿ ಮೈಕು ತೆಗೆಯಲು ಹೋದ. ತಿಮ್ಮಮ್ಮ ಅವನ ಎರಡು ಕೈಯನ್ನೂ ಹಿಡಿದುಕೊಂಡಳು.

"ಅದ ತಗೀಬೇಡ. ಬಯ್ಯೋದಾದ್ರೆ ಹಾಕ್ಕಂಡೇ ಬಯ್ಯಿ."